ನನ್ನ ಹೆಸರಿನ ಕೆಂಪು

ನಮ್ಮ ಯಜಮಾನರಿಗೆ ಯಾವ ಮಾತನ್ನೂ ಒಂದೇ ಸಲ ಕೇಳಿ ಒಪ್ಪಿಕೊಳ್ಳುವ ಅಭ್ಯಾಸವಿಲ್ಲ. ಅದು ಅವರ ತಪ್ಪಲ್ಲ, ಅವರ ಕಸುಬಿನ ತಪ್ಪು. ನಲ್ಲೂರು ದಾಟಿದರೆ ಸಿಗುವ ನಮ್ಮೂರಿನಲ್ಲಿ ವೀರಭದ್ರನ ಗುಡಿಯ ಪೂಜೆ ಅವರದು, ಹೆಸರು ಮುರುಗೇಶಪ್ಪ. ಮದುವೆ ಕೂಡಿ ಬರುತ್ತಾ, ಬೋರು ಕೊರೆಸಿದರೆ ನೀರು ಬೀಳುತ್ತಾ, ಆಸ್ಪತ್ರೆಯಲ್ಲಿರುವವನು ಉಳಿಯುತ್ತಾನಾ ಎಂದು ಜನ ಬಂದು ಕೂರುತ್ತಾರೆ. ಇವರು ಒದ್ದೆ ಹೂಗಳನ್ನು ದೇವರ ಎರಡೂ ಭುಜಕ್ಕೆ ಅಂಟಿಸುತ್ತಾರೆ. ಬಲಗಡೆಯ ಹೂ ಬಿದ್ದರೆ ದೇವರು ಒಪ್ಪಿದ, ಎಡಗಡೆಯದು ಬಿದ್ದರೆ ಇಲ್ಲ. ಹಾಗಂತ ಎಡಕ್ಕೆ ಬಿದ್ದ ಕೂಡಲೇ ಯಾರೂ ಎದ್ದು ಹೋಗುವುದಿಲ್ಲ. ಇನ್ನೊಮ್ಮೆ ಕೇಳುತ್ತಾರೆ, ಇನ್ನೊಂದೂರಿನ ದೇವರ ಹತ್ತಿರ ಹೋಗಿ ಕೇಳುತ್ತಾರೆ. ರೋಗಿ ಬರಲಾಗದಿದ್ದರೆ ಅವರ ಹೆಸರು ಹೇಳಿ ಮನೆಯವರು ಯಾರಾದರೂ ಕೂತರಾಯಿತು, ಬಿದ್ದ ಹೂ ರೋಗಿಯದೇ. ಕೇಳುವವರ ಮನಸ್ಸಿನಲ್ಲಿ ಭಯ ಮಾತ್ರ ಇರಬಾರದು. ಭಯ ಇಟ್ಟುಕೊಂಡು ಕೇಳಿದರೆ ದೇವರ ಉತ್ತರ ಕಲಕಿ ಹೋಗುತ್ತದೆ ಎಂದು ಇವರ ಅಪ್ಪ ಹೇಳುತ್ತಿದ್ದರಂತೆ.

ಮದುವೆಯಾಗಿ ಬಂದಾಗಿನಿಂದ ಇದನ್ನೆಲ್ಲ ನೋಡಿ ಸೆರಗು ಮುಚ್ಚಿಕೊಂಡು ನಕ್ಕವಳು ನಾನು. ಇದೇ ಲೆಕ್ಕ ಒಂದು ದಿನ ನನ್ನ ಎದೆಯ ಮೇಲೇ ಬಂದು ಕೂರುತ್ತದೆ ಎಂದು ಯಾರಿಗೆ ಗೊತ್ತಿತ್ತು?

ನನ್ನ ಹೆಸರು ಶಂಕ್ರಮ್ಮ. ಬಾಯಿ ಜೋರು ಎಂದು ಊರಲ್ಲಿ ಹೆಸರಿದೆ, ಅದೇನು ಸುಳ್ಳಲ್ಲ. ಸುಗ್ಗಿ ಬಂದರೆ ತೋಟದ ಫಸಲು ಗುತ್ತಿಗೆ ಹಿಡಿಯುವ ಚೇಣಿದಾರರ ಮನೆಗಳಲ್ಲಿ ಅಡಿಕೆ ಸುಲಿಯಲಿಕ್ಕೆ, ಬೇಯಿಸಲಿಕ್ಕೆ ಹೋಗುತ್ತಿದ್ದೆ. ಹಂಡೆಯ ಒಲೆ ಮುಂದೆ ಕೂತು ಹೊಗೆ ಕುಡಿದದ್ದು ಎಷ್ಟೆಂದು ಹೇಳಲಿ! ಕೆಮ್ಮು ಹಿಡಿದಾಗ ಅದು ಹೊಗೆಯ ಕೆಮ್ಮು ಅಂದರು. ಬೆನ್ನಿನ ಎಡಭಾಗ ಚುಚ್ಚಲಿಕ್ಕೆ ಶುರುವಾದಾಗ ಗ್ಯಾಸು ಅಂದರು. ಮೈ ಇಳಿದು ರವಿಕೆಗಳೆಲ್ಲ ಜೋತು ಬಿದ್ದಾಗ ವಯಸ್ಸು ಅಂದರು. ನಾನು ತೋರಿಸಿಕೊಂಡ ಡಾಕ್ಟರೆಲ್ಲ ನನ್ನ ಮುಖ ನೋಡಿ, ಒಂದು ಮಾತ್ರೆ ಬರೆದು, ಹಿಂದಿನವರನ್ನು ಕೂಗುತ್ತಿದ್ದರು. "ನಿಂಗೆ ಎಲ್ಲಾ ಮನಸಿಂದು ಕಣೆ, ಮಕ್ಕಳಿಲ್ಲ ಮರಿ ಇಲ್ಲ, ಕೂತು ಕೂತು ಕಾಯಿಲೆ ಸೃಷ್ಟಿ ಮಾಡ್ಕಂತೀಯ" ಎಂದು ಇವರೂ ಒಂದು ದಿನ ಅಂದುಬಿಟ್ಟರು. ಆವತ್ತು ನಾನು ಇವರಿಗೆ ಊಟ ಬಡಿಸಲಿಲ್ಲ.

ಅಂಥ ಹೊತ್ತಿನಲ್ಲಿ ಚನ್ನಗಿರಿಯ ಶಾಲೆಯ ಮೈದಾನಕ್ಕೆ ಎಕ್ಸ್‌ರೇ ವ್ಯಾನು ಬಂತು. ಯಾವುದೋ ಸಂಸ್ಥೆಯವರದು, ಟಿಬಿ ಹುಡುಕುವುದಕ್ಕೆ, ಪುಕ್ಕಟೆ. ಅದನ್ನು ನಡೆಸುತ್ತಿದ್ದವನು ಕಲ್ಲೇಶ್ ಎಂಬ ಟೆಕ್ನಿಶಿಯನ್. ಮದುವೆ ಮನೆಯ ಕ್ಯಾಮೆರಾದಷ್ಟೇ ಇತ್ತು ಆ ಮಷೀನು. ಹಲಗೆಗೆ ಎದೆ ಆನಿಸಿ ನಿಲ್ಲಿಸಿ, ಉಸಿರು ಹಿಡಿಸಿ, ಟಕ್ ಅನ್ನಿಸಿದ.

"ಡಾಕ್ಟ್ರು ಎಲ್ಲಪ್ಪ?" ಎಂದೆ.

"ಡಾಕ್ಟ್ರು ಬೇಕಾಗಿಲ್ಲಮ್ಮ. ಇದ್ರಾಗೆ ಎಐ ಐತೆ. ಕಂಪ್ಯೂಟರ್ರೇ ಫೋಟೋ ಓದಿ ಹೇಳ್ತೈತೆ. ಹಸಿರು ಬಂದ್ರೆ ಮನಿಗೆ ಹೋಗ್ರಿ, ಕೆಂಪು ಬಂದ್ರೆ ಮುಂದಿನ ಪರೀಕ್ಷೆ."

ಸಾಲಿನಲ್ಲಿ ನನ್ನ ಹಿಂದೆ ಗುಜರಿ ಬುಡನ್‌ಸಾಬ್ ನಿಂತಿದ್ದರು. "ಒಳ್ಳೇದೇ ಆತು ಬಿಡ್ರಿ. ಮಷೀನಿಗೆ ನಮ್ಮ ಬಟ್ಟಿ ಕಾಣಂಗಿಲ್ಲ, ದಾಕ್ಷಿಣ್ಯ ಇಲ್ಲ. ಇದ್ದದ್ದು ಇದ್ದಂಗೆ ಹೇಳ್ತೈತೆ" ಎಂದರು. ಅವರ ಪಕ್ಕದ ಅಜ್ಜಿ ಮಾತ್ರ ಮಷೀನಿಗೇ ಕೈ ಮುಗಿದು, "ನಮ್ಮಪ್ಪಾ, ಹಸಿರು ಕೊಡಪ್ಪಾ" ಎನ್ನುತ್ತಿತ್ತು.

ಅಷ್ಟರಲ್ಲಿ ಪರದೆ ಮೇಲೆ ನನ್ನ ಪಕ್ಕೆಲುಬುಗಳು ಬಂದವು. ಎಡಗಡೆ, ನಾನು ದಿನಾ ಬೆರಳಿಟ್ಟು ತೋರಿಸುತ್ತಿದ್ದ ಜಾಗದಲ್ಲೇ, ಕುಂಕುಮ ಚೆಲ್ಲಿದ ಹಾಗೆ ಕೆಂಪು.

ಕೆಂಪು ನೋಡಿ ಯಾರಾದರೂ ಖುಷಿ ಪಡುತ್ತಾರಾ? ನಾನು ಪಟ್ಟೆ. ಅಲ್ಲೇ ನಿಂತು ಗಳಗಳ ಅತ್ತುಬಿಟ್ಟೆ. ಕಲ್ಲೇಶ್ ಹೆದರಿಕೊಂಡು ನೀರು ಕೊಟ್ಟ. ಹೆದರಿ ಅತ್ತದ್ದಲ್ಲಪ್ಪ ಅದು. ಇಷ್ಟು ದಿನಕ್ಕೆ ಒಬ್ಬರಾದರೂ ನನ್ನ ಮಾತು ನಂಬಿದರಲ್ಲ ಎಂದು ಅತ್ತದ್ದು. ಎಲ್ಲರೂ ಮುಖ ನೋಡಿ ಕಳಿಸಿದ್ದರು, ಇದೊಂದು ನನ್ನ ಎದೆ ನೋಡಿತು. ಗಂಡನಿಗಿಂತ ಆ ಡಬ್ಬಿ ವಾಸಿ ಅನ್ನಿಸಿತು ನನಗೆ.

ಕಫ ಪರೀಕ್ಷೆಯಲ್ಲಿ ಟಿಬಿ ಅಲ್ಲ ಎಂದು ಬಂತು. ಕಲ್ಲೇಶ್ ಫೋನ್ ಮಾಡಿ ಇವರಿಗೆ ಬಿಡಿಸಿ ಹೇಳಿದ. "ಯಜಮಾನ್ರೇ, ಟಿಬಿ ಅಲ್ಲ ಅಂದ್ರೆ ಬ್ಯಾರೆ ಏನೋ ಐತೆ. ತಡ ಮಾಡಬ್ಯಾಡ್ರಿ, ದಾವಣಗೆರೆಗೆ ಹೋಗಿ ಸಿಟಿ ಸ್ಕ್ಯಾನ್ ಮಾಡಿಸ್ರಿ."

ಇವರಿಗೆ ಮೊದಲನೇ ಅರ್ಧ ಮಾತ್ರ ಕೇಳಿಸಿತು. "ಟಿಬಿ ಇಲ್ವಂತೆ ಕಣೆ! ಅಂದ ಮ್ಯಾಲೆ ಆ ಕೆಂಪು ಸುಳ್ಳೇ ಅಲ್ವಾ? ಇನ್ನೊಂದು ಸಲ ಕೇಳಿದ್ರಾತು."

"ಕೇಳಾಕೆ ಅದೇನು ವೀರಭದ್ರನ ಭುಜವಾ?" ಎಂದೆ.

ಇವರ ಹೆದರಿಕೆ ಏನೆಂದು ನನಗೆ ಗೊತ್ತಿತ್ತು. ಇವರ ಅಣ್ಣ ಸ್ವಂತ ಕಾಲಲ್ಲಿ ಬಸ್ ಹತ್ತಿ ಸ್ಕ್ಯಾನಿಗೆ ಹೋದವರು, ಆಂಬುಲೆನ್ಸಿನಲ್ಲಿ ಮಲಗಿ ವಾಪಸ್ ಬಂದರು. ಅಣ್ಣನ ಕಾಲು ಮಡಚಿ ಸಮಾಧಿಗೆ ಕೂರಿಸಿದ್ದು ಇವರೇ. ಆವತ್ತಿನಿಂದ ದಾವಣಗೆರೆ ಅಂದರೆ ಸಾಕು, ಇವರು ಮಾತು ತಿರುಗಿಸುತ್ತಾರೆ. ಪಾಪ ಅನ್ನಿಸುತ್ತಿತ್ತು, ಹೊಟ್ಟೆಯೂ ಉರಿಯುತ್ತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಆ ಪೂಜಾರಿಯನ್ನೇ ಕಟ್ಟಿಕೊಂಡಿದ್ದೆ ನಾನು.

ವ್ಯಾನು ಹೊನ್ನಾಳಿಗೆ ಹೋಯಿತು. ನಾವೂ ಹೋದೆವು. ಕೆಂಪು. "ಮತ್ಯಾಕೆ ಬಂದ್ರಿ ಅಮ್ಮಾ?" ಎಂದ ಕಲ್ಲೇಶ್. ಮಳೆಗಾಲ ಕಳೆದು ವ್ಯಾನು ನ್ಯಾಮತಿಗೆ ಬಂತು. ಟಿವಿಎಸ್ ಗಾಡಿಯ ಹಿಂದೆ ಕೂರಿಸಿಕೊಂಡು, ಸವಳಂಗದಲ್ಲಿ ಒಂದು ಟೀ ಕುಡಿಸಿ, ಸೂರಗೊಂಡನಕೊಪ್ಪದಲ್ಲಿ ಸೇವಾಲಾಲರಿಗೂ ಒಂದು ಕಾಯಿ ಒಡೆಸಿ, ಆಮೇಲೆ ಮಷೀನಿನ ಮುಂದೆ ನಿಲ್ಲಿಸಿದರು. ಕೆಂಪೇ. ಈ ಸಲ ಕೆಂಪು ಹರಡಿತ್ತು.

ಕಲ್ಲೇಶನಿಗೆ ಸಿಟ್ಟು ಬಂತು. "ಯಜಮಾನ್ರೇ, ಇದೇನು ಗುಡಿ ಅಲ್ರೀ. ಎಷ್ಟು ಸಲ ಕೇಳಿದ್ರೂ ಇದು ಮನಸು ಬದಲಾಯ್ಸಂಗಿಲ್ಲ. ಮೊದ್ಲು ದಾವಣಗೆರೆಗೆ ಹೋಗ್ರಿ!"

"ಹೋಗೋಣ, ಹೋಗೋಣ" ಎಂದರು ಇವರು, ನೆಲ ನೋಡಿಕೊಂಡು.

ಹಿಂದಿರುಗುವಾಗ ದಾರಿಯಲ್ಲಿ ಕೆಮ್ಮು ಬಂದು ಗಾಡಿ ನಿಲ್ಲಿಸಲು ಹೇಳಿದೆ. ಉಗಿದದ್ದರಲ್ಲಿ ರಕ್ತ ಇತ್ತು. ತೋರಿಸಿದೆ. ಇವರು ಬಗ್ಗಿ ನೋಡಿ, "ಎಲೆಅಡಿಕೆ ಹಾಕ್ಕಂಡಿದ್ಯಲ್ಲ, ಅದ್ರ ಕೆಂಪು ಬಿಡು" ಎಂದು ಕಾಲಲ್ಲಿ ಮಣ್ಣು ಎಳೆದು ಮುಚ್ಚಿದರು. ನಾನು ಬೆಳಗಿನಿಂದ ಎಲೆ ಮುಟ್ಟಿರಲಿಲ್ಲ. ಅದು ಅವರಿಗೂ ಗೊತ್ತಿತ್ತು.

ನೀನೇ ಹೋಗಬಹುದಿತ್ತಲ್ಲಮ್ಮ ಎನ್ನುತ್ತೀರೇನೋ. ಹೋಗಿದ್ದೆ. ಒಬ್ಬಳೇ ಬಸ್ ಹತ್ತಿ ದಾವಣಗೆರೆಯ ಒಂದು ಆಸ್ಪತ್ರೆಗೆ ಹೋದೆ. ಚೀಟಿ ಮಾಡಿಸುವಲ್ಲಿಂದ ಹಿಡಿದು ಸ್ಕ್ಯಾನಿನ ಬಾಗಿಲವರೆಗೂ ಒಂದೇ ಪ್ರಶ್ನೆ: "ಜೊತೆಗೆ ಯಾರು ಬಂದಿದಾರೆ?" ಸಹಿ ಹಾಕುವವರು ಬೇಕಂತೆ. ಗಂಡ ಎಲ್ಲಿ ಅಂದರು. ಗಂಡ ದೇವರ ಹತ್ತಿರ ಹೂ ಕೇಳುತ್ತಿದ್ದಾನೆ ಎಂದು ಹೇಳಲಾ? ಕೂತು ಕೂತು, ಸಂಜೆ ಬಸ್ಸಿಗೆ ವಾಪಸ್ ಬಂದೆ.

ನನಗೆ ಇನ್ನು ಬಸ್ಸಿನಲ್ಲಿ ಕೂರಲೂ ಆಗದ ಹಾಗಾದಾಗ ಇವರು ಒಂದು ದಿನ ಜಗಳೂರಿಗೆ ಹೋಗಿ ಬರುತ್ತೇನೆ ಎಂದು ಹೊರಟರು. ಜಗಳೂರಿನಲ್ಲಿ ಇವರ ತಂಗಿ ಗಂಗೋತ್ರಿ ಇದ್ದಾಳೆ. ಗಂಡ ತೀರಿಹೋದವಳು, ಹೊಲಿಗೆ ಮಾಡಿಕೊಂಡು ಮಗಳು ರೂಪಶ್ರೀಯನ್ನು ಓದಿಸಿದಳು. ರೂಪಶ್ರೀ ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲೇ ಬೆಳೆದವಳು, ನನ್ನ ಸೆರಗು ಹಿಡಿದುಕೊಂಡೇ ನಡೆಯಲು ಕಲಿತಳು. ಆ ಹುಡುಗಿಗೆ ಹೊನ್ನಾಳಿಯ ಕಡೆಯಿಂದ ಒಂದು ಗಂಡು ನೋಡಿಕೊಂಡು ಹೋಗಿದ್ದರು. ಆ ಮಾತುಕತೆಗೇ ಹೊರಟರು ಎಂದುಕೊಂಡೆ. ನನ್ನ ಆಧಾರ್ ಕಾರ್ಡು ಜೇಬಿಗೆ ಹಾಕಿಕೊಂಡದ್ದು ನನಗೆ ಗೊತ್ತಾಗಲಿಲ್ಲ.

ಮಾರನೇ ದಿನ ಬಂದವರು ಚಪ್ಪಲಿ ಬಿಡದೆ ನನ್ನ ಹಾಸಿಗೆಯ ಹತ್ತಿರ ಬಂದು ಕೂತರು. ಮುಖ ಬಿಳಿಚಿಕೊಂಡಿತ್ತು. ಜೇಬಿನಿಂದ ಒಂದು ಚೀಟಿ ತೆಗೆದರು. ಮೇಲೆ ನನ್ನ ಹೆಸರು, ಕೆಳಗೆ ಕೆಂಪು.

"ಇದೆಲ್ಲೀದು?" ಎಂದೆ.

"ಜಗಳೂರಿಂದು. ವ್ಯಾನು ಈಗ ಅಲ್ಲೈತೆ."

"ನಾನಿಲ್ಲದೆ ಹೆಂಗೆ ತೆಗೆದ್ರು?"

"ಗಂಗೂನ ನಿಲ್ಸಿದ್ದೆ." ಚೀಟಿಯ ಮೇಲಿನ ಹೆಸರಿಗೆ ಬೆರಳಿಟ್ಟರು. "ನಿನ್ನ ಹೆಸರಲ್ಲಿ ನಿಲ್ಸಿದ್ದೆ. ಆವತ್ತು ಕಲ್ಲೇಶ್ ಇರ್ಲಿಲ್ಲ, ಬ್ಯಾರೆ ಹುಡುಗಿ ಇದ್ಲು. ಕಾರ್ಡ್ ನೋಡಿ ಬರ್ಕಂಡ್ಲು, ಮುಖ ನೋಡ್ಲಿಲ್ಲ."

ಆಧಾರ್ ಫೋಟೋದಲ್ಲಿ ಹೇಗೂ ಎಲ್ಲರೂ ಒಂದೇ ಥರ ಕಳ್ಳರ ಹಾಗೆ ಕಾಣುತ್ತೇವೆ. ನಾನು ಬಾಯಿ ಬಿಟ್ಟುಕೊಂಡು ಇವರನ್ನೇ ನೋಡಿದೆ.

"ನೀನು ಪ್ರತಿ ಸಲ ಹೆದರ್ಕಂಡೇ ನಿಂತಿದ್ದೆ ಕಣೆ. ಹೆದ್ರಿದವರು ಕೇಳಿದ್ರೆ ಉತ್ತರ ಕಲಕೋಗ್ತೈತೆ ಅಂತ ಅಪ್ಪ ಹೇಳ್ತಿರ್ಲಿಲ್ವಾ? ಗಂಗೂಗೆ ಯಾವ ಹೆದ್ರಿಕೇನೂ ಇಲ್ಲ. ಸ್ನಾನ ಮಾಡಿ, ಉಪವಾಸ ಇದ್ದು, ಅತ್ಗೆಗೆ ಹಸಿರು ಕೊಡಪ್ಪ ಅಂತ ಬೇಡ್ಕಂಡು ನಿಂತ್ಲು. ಅಂಥವಳು ಕೇಳಿದ್ರೂ ಎಡಕ್ಕೇ ಬಂತಲ್ಲೇ." ಚೀಟಿ ಮಡಚಿ ಜೇಬಿಗೆ ಹಾಕಿಕೊಂಡರು. "ಇನ್ನು ಕೇಳಂಗಿಲ್ಲ. ನಾಳೆ ದಾವಣಗೆರೆಗೆ ಹೋಗಾಣ."

ನೋಡಿ ಮತ್ತೆ! ನನ್ನ ಎದೆ ಮೂರೂರು ಸುತ್ತಿ ಹೇಳಿದ್ದನ್ನು ಈ ಮನುಷ್ಯ ನಂಬಲಿಲ್ಲ. ತಂಗಿಯ ಎದೆ ಒಂದು ಸಲ ಹೇಳಿದ್ದಕ್ಕೆ ನಂಬಿದರು. ನಗು ಬಂತು. ನಕ್ಕರೆ ಕೆಮ್ಮು ಬಂತು. ಕೆಮ್ಮು ನಿಲ್ಲುವ ಹೊತ್ತಿಗೆ ನನ್ನ ಮೈಯೆಲ್ಲ ತಣ್ಣಗಾಗಿತ್ತು.

"ರೀ," ಎಂದೆ, "ಅಲ್ಲಿ ನಿಂತಿದ್ದು ಗಂಗೂ. ಮಷೀನು ನೋಡಿದ್ದು ಗಂಗೂ ಎದೆ. ಈ ಕೆಂಪು ನಂದಲ್ಲ ಕಣ್ರೀ, ಅವಳದ್ದು!"

"ಹೆಸ್ರು ನಿಂದೈತೆ."

"ಹೆಸರಿಗೆ ಎಲ್ಲಾದ್ರೂ ಕೆಮ್ಮು ಬರ್ತೈತೇನ್ರೀ?"

"ಸುಮ್ನಿರು. ಒಂದೇ ಮನೇಲಿ ಇಬ್ಬರಿಗಾ? ಬಿಡ್ತು ಅನ್ನು." ಎದ್ದು ಗುಡಿಗೆ ಹೋಗಿಬಿಟ್ಟರು. ದೀಪ ಹಚ್ಚುವ ಹೊತ್ತು ಇನ್ನೂ ಆಗಿರಲಿಲ್ಲ.

ದಾವಣಗೆರೆಯಲ್ಲಿ ಈ ಸಲ ಎಲ್ಲ ಬಾಗಿಲೂ ತೆರೆದವು, ಜೊತೆಗೆ ಗಂಡ ಇದ್ದರಲ್ಲ. ಸ್ಕ್ಯಾನು ಮಾಡಿದರು, ಬೆನ್ನಿಗೆ ಸೂಜಿ ಹಾಕಿ ಚೂರು ತೆಗೆದರು. ಡಾಕ್ಟರಮ್ಮ ಒಳ್ಳೆಯ ಹೆಂಗಸು, ಈ ಸಲ ಮುಖ ನೋಡಿಯೇ ಮಾತಾಡಿದರು. ಶ್ವಾಸಕೋಶದ ಕ್ಯಾನ್ಸರ್. ಬೆನ್ನುಮೂಳೆಗೂ ಹೋಗಿದೆ, ಆಪರೇಷನ್ ಆಗುವುದಿಲ್ಲ. ನೋವಿಗೆ ಮಾತ್ರೆ ಕೊಡುತ್ತೇವೆ.

"ಚನ್ನಗಿರೀಲಿ ಮೊದ್ಲು ಕೆಂಪು ಬಂದಾಗ್ಲೇ ಬಂದಿದ್ರೆ?" ಎಂದು ಕೇಳಿದೆ. ಇವರು ಪಕ್ಕದಲ್ಲೇ ನಿಂತಿದ್ದರು. ಡಾಕ್ಟರಮ್ಮ ಇವರನ್ನು ಒಂದು ಸಲ ನೋಡಿ, "ಆಗ ಏನಾದರೂ ಮಾಡಬಹುದಿತ್ತೇನೋ" ಎಂದರು. ಇವರು ಹೊರಗೆ ಹೋಗಿ ಗೋಡೆಗೆ ಹಣೆ ಚಚ್ಚಿಕೊಂಡರಂತೆ. ನರ್ಸು ಬಂದು ಹೇಳಿದಳು. ಬೈಯಬೇಕು ಅನ್ನಿಸಲಿಲ್ಲ. ಬೈದರೆ ವಾಸಿಯಾಗುವ ಕಾಯಿಲೆಯಾಗಿದ್ದರೆ ನಾನು ಯಾವತ್ತೋ ಗುಣವಾಗಿರುತ್ತಿದ್ದೆ.

ನನ್ನದು ಮುಗಿಯಿತು, ಸರಿ. ಗಂಗೋತ್ರಿಯದು ಮುಗಿದಿರಲಿಲ್ಲವಲ್ಲ! ಮನೆಗೆ ಬಂದ ಮೇಲೆ ನನಗೆ ಉಳಿದದ್ದು ಅದೊಂದೇ ಯೋಚನೆ. ಕಲ್ಲೇಶನಿಗೆ ಫೋನ್ ಹಚ್ಚಿದೆ.

"ನಿಮ್ದು ಜಗಳೂರಿನ ಕೆಂಪೂ ಬಂದೈತಮ್ಮ ಇಲ್ಲಿ" ಎಂದ. "ಕಫ ಮೊದ್ಲೇ ಟಿಬಿ ಅಲ್ಲ ಅಂತ ಬಂದಿತ್ತು, ಈಗ ದಾವಣಗೆರೆ ಆಸ್ಪತ್ರೆಯಿಂದ ಕ್ಯಾನ್ಸರ್ ಅಂತ ಗೊತ್ತಾತು. ಹಂಗಾಗಿ ಅದನ್ನ ಮುಗೀತು ಅಂತ ಕ್ಲೋಸ್ ಮಾಡ್ಯಾರೆ."

ನನ್ನ ಕಾಯಿಲೆ ಅವಳ ಕಾಯಿಲೆಯ ಬಾಗಿಲು ಹಾಕಿಬಿಟ್ಟಿತ್ತು. ನಡೆದದ್ದನ್ನು ಹೇಳಿದೆ.

"ಅಯ್ಯೋ ಶಿವನೇ! ಹಿಂಗೂ ಮಾಡ್ತಾರೇನಮ್ಮ? ವ್ಯಾನು ಈಗ ಮತ್ತೆ ಚನ್ನಗಿರಿಗೆ ಬಂದೈತೆ, ಅವರನ್ನ ಕೂಡ್ಲೇ ಕರ್ಕಂಡ್ ಬರ್ರಿ. ಅವರ ಸ್ವಂತ ಹೆಸರಲ್ಲಿ ತೆಗೀತೀನಿ. ಟಿಬಿ ಇದ್ರೂ ಇರಬಹುದು. ಟಿಬಿ ಆದ್ರೆ ಮಾತ್ರೆ ಐತಮ್ಮ, ಪುಕ್ಕಟೆ, ಪೂರ್ತಿ ವಾಸಿ ಆಗ್ತೈತೆ."

ಪೂರ್ತಿ ವಾಸಿ ಆಗುತ್ತದೆ! ಆ ಮಾತು ಕೇಳಿ ಎಷ್ಟೋ ದಿನದ ಮೇಲೆ ಎದ್ದು ಕೂತು ಗಂಜಿ ಕುಡಿದೆ.

ಗಂಗೋತ್ರಿ ಹೇಗೂ ನನ್ನನ್ನು ನೋಡಿಕೊಳ್ಳಲು ಬಂದಳು. ಬಂದವಳೇ ಅಡಿಗೆ ಮನೆ ಸೇರಿದಳು, ನನ್ನ ತಲೆ ಬಾಚಿದಳು, ಬೆನ್ನಿಗೆ ದಿಂಬು ಒತ್ತಿದಳು. ಅವಳ ಕೈ ಬಿಸಿಯಾಗಿತ್ತು. ಕುತ್ತಿಗೆಯ ಎಲುಬು ಎದ್ದು ಕಾಣುತ್ತಿತ್ತು. ಇದನ್ನೆಲ್ಲ ನಾನು ಕನ್ನಡಿಯಲ್ಲಿ ನೋಡಿ ಬಂದವಳು, ನನಗೆ ಹೇಳಿಕೊಡಬೇಕಾ?

"ಗಂಗೂ, ಕೂತ್ಕಾ ಇಲ್ಲಿ" ಎಂದೆ. "ಜಗಳೂರಲ್ಲಿ ಬಂದ ಕೆಂಪು ನಿಂದು ಕಣೆ. ಹೆಸರು ಅಷ್ಟೇ ನಂದು. ಚನ್ನಗಿರಿಗೆ ಹೋಗಿ ನಿನ್ನ ಹೆಸರಲ್ಲಿ ಒಂದು ಸಲ ನಿಂತ್ಕಾ. ಮಾತ್ರೆ ತಿಂದ್ರೆ ವಾಸಿ ಆಗ್ತೈತಂತೆ."

ಅವಳು ನಕ್ಕಳು. "ಅತ್ಗೆ, ನಾನು ನಿಂತಿದ್ದು ನಿಮಗೋಸ್ಕರ. ದೇವ್ರಾಣೆ, ಮನಸಲ್ಲಿ ನಿಮ್ಮನ್ನೇ ನೆನೆಸ್ಕಂಡಿದ್ದೆ. ಅದಕ್ಕೇ ನಿಮ್ಮದೇ ಬಂತು."

"ಮಷೀನಿಗೆ ಮನಸು ಕಾಣಲ್ಲ ಕಣೆ, ಎದೆ ಕಾಣೋದು!"

"ಮತ್ತೆ ದಾವಣಗೆರೇಲಿ ನಿಮಗೆ ಕಾಯಿಲೆ ಇರೋದು ಖರೆ ಆತಲ್ಲ? ಚೀಟಿ ಹೇಳಿದ್ದು ಸರಿ ಆತಲ್ಲ?"

ನನ್ನ ಕ್ಯಾನ್ಸರೇ ಅವಳಿಗೆ ಸಾಕ್ಷಿಯಾಗಿತ್ತು. ಬೇಡಿಕೊಂಡೆ, ಗದರಿಸಿದೆ, ಆಣೆ ಹಾಕಿದೆ. ಕಡೆಗೆ ಅವಳ ನಗು ಹೋಯಿತು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

"ಅತ್ಗೆ, ರೂಪಶ್ರೀಗೆ ಹೊನ್ನಾಳಿಯವರು ಒಪ್ಪಿದಾರೆ. ತಾಯಿಗೆ ಟಿಬಿ ಅಂತ ಒಂದು ಮಾತು ಆ ಕಡೆ ಹೋದ್ರೆ ಮುಗೀತು. ಈಗ ಕೆಂಪು ನಿಮ್ಮ ಹೆಸರಲ್ಲೈತೆ. ಅದು ಅಲ್ಲೇ ಇರ್ಲಿ ಬಿಡ್ರಿ. ನಿಮಗೆ ಅದ್ರಿಂದ ಇನ್ನೇನು ಆಗಬೇಕಾಗೈತೆ?"

ಅಂದಮೇಲೆ ಅವಳಿಗೂ ಗೊತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಜಗಳೂರಿನ ಆ ವ್ಯಾನಿನಿಂದ ಇಳಿದ ಗಳಿಗೆಯಿಂದ ಅವಳಿಗೆ ಗೊತ್ತಿತ್ತು. ಸಾಯುವವಳ ಹೆಸರಿನ ಕೆಳಗೆ ತನ್ನ ಕಾಯಿಲೆಯನ್ನು ಬಚ್ಚಿಟ್ಟು ಮಗಳ ಮದುವೆ ಮಾಡಲಿಕ್ಕೆ ಹೊರಟಿದ್ದಳು.

"ಮದುವೆ ಆದ ಮ್ಯಾಲೆ ತೋರಿಸ್ಕಂತೀನಿ" ಎಂದಳು. "ಹುಡುಗಿ ಮದುವೆ ನೀವೂ ನೋಡ್ಬೇಕಲ್ಲ, ಅತ್ಗೆ."

ಆ ಮದುವೆಯ ಹೊತ್ತಿಗೆ ನಾನು ಇರುವುದಿಲ್ಲ. ಅದು ನನಗೂ ಗೊತ್ತು, ಅವಳಿಗೂ ಗೊತ್ತು. ನಾನಿಲ್ಲದ ಮೇಲೆ ಆ ಕೆಂಪು ಯಾರದೆಂದು ಹೇಳುವವರು ಈ ಮನೆಯಲ್ಲಿ ಯಾರೂ ಉಳಿಯುವುದಿಲ್ಲ.

ನಿನ್ನೆ ಮಧ್ಯಾಹ್ನ ನನಗೆ ಗಂಜಿ ಕುಡಿಸುತ್ತಿದ್ದಳು. ಕೆಮ್ಮು ಬಂತು. ಲೋಟ ಕೆಳಗಿಟ್ಟು, ಮುಖ ಆ ಕಡೆ ತಿರುಗಿಸಿ, ಸೆರಗು ಬಾಯಿಗೆ ಒತ್ತಿಕೊಂಡಳು. ಕೆಮ್ಮು ನಿಂತ ಮೇಲೆ ಸೆರಗನ್ನು ಮುಷ್ಟಿಯಲ್ಲಿ ಮುದುರಿಕೊಂಡಳು.

"ತೋರ್ಸು" ಎಂದೆ.

"ಏನಿಲ್ಲ ಅತ್ಗೆ."

"ತೋರ್ಸೇ!" ಎಂದು ಉಳಿದಿದ್ದ ದನಿಯನ್ನೆಲ್ಲ ಸೇರಿಸಿ ಕೂಗಿದೆ. ಮುಷ್ಟಿ ಬಿಚ್ಚಿದಳು. ಸೆರಗಿನ ಅಂಚಿನಲ್ಲಿ ಕೆಂಪು.

ಕೂಗು ಕೇಳಿ ಇವರು ಒಳಗೆ ಓಡಿ ಬಂದರು. ನಾನು ಬೆರಳು ಮಾಡಿ ತೋರಿಸಿದೆ. "ನೋಡ್ರಿ. ಈಗಾದ್ರೂ ಕಣ್ಣು ಬಿಟ್ಟು ನೋಡ್ರಿ. ನಿಮ್ಮ ತಂಗೀನ ಇವತ್ತೇ ಚನ್ನಗಿರಿಗೆ ಕರ್ಕಂಡ್ಹೋಗ್ರಿ. ನಿಮಗೆ ಕೈ ಮುಗೀತೀನಿ."

ಇವರು ಬಗ್ಗಿ ಸೆರಗು ನೋಡಿದರು. ತಂಗಿಯ ಮುಖ ನೋಡಿದರು. ಅವಳು ತಲೆ ತಗ್ಗಿಸಿಕೊಂಡೇ ಇದ್ದಳು. ಇವರ ತುಟಿ ಅದುರಿದ್ದು ನನಗೆ ಕಂಡಿತು. ಈಗ ಹೇಳುತ್ತಾರೆ, ಈಗ ಎದ್ದು ಗಾಡಿ ತೆಗೆಯುತ್ತಾರೆ ಎಂದುಕೊಂಡು ಉಸಿರು ಬಿಗಿಹಿಡಿದು ಕಾದೆ.

"ಎಲೆಅಡಿಕೆ ಹಾಕ್ಕಂಡಿರ್ತಾಳೆ ಬಿಡು" ಎಂದರು ಇವರು.

"ಹೂಂ ಅತ್ಗೆ, ಎಲೆಅಡಿಕೆ" ಎಂದಳು ಗಂಗೋತ್ರಿ.

ನಾನು ಹಾಸಿಗೆ ಹಿಡಿದ ಮೇಲೆ ನಮ್ಮ ಮನೆಗೆ ಯಾರೂ ಎಲೆ ತಂದಿಲ್ಲ.